ಹೆಡ್‌ಫೋನು: ಆಸ್ವಾದನೆ, ಪರೀಕ್ಷೆ, ಮಿತಿ

ಪೀಠಿಕೆ

ನಮ್ಮ ಷಟ್‌ಸ್ಥಲ ಶಾಸ್ತ್ರವು ಇಂದ್ರಿಯಗಳಲ್ಲಿ ಒಂದೊಂದಕ್ಕೂ ಒಂದೊಂದು ಲಿಂಗಸಂಬಂಧವನ್ನು ಹೇಳುತ್ತದೆ. ಮೂಗಿಗೆ ಆಚಾರಲಿಂಗ, ನಾಲಗೆಗೆ ಗುರುಲಿಂಗ, ಕಣ್ಣಿಗೆ ಶಿವಲಿಂಗ, ತ್ವಕ್ಕಿಗೆ ಜಂಗಮಲಿಂಗ, ಕಿವಿಗೆ ಪ್ರಸಾದಲಿಂಗ. ಕಿವಿಯ ವಿಷಯವಾದ ಶಬ್ದವನ್ನು ಪದಾರ್ಥವೆಂದು ಅರ್ಪಿಸಿ ಪ್ರಸಾದವೆಂದು ಸ್ವೀಕರಿಸಬೇಕೆಂಬುದು ಇದರ ತಾತ್ಪರ್ಯ. ಮಂತ್ರದೀಕ್ಷೆಯ ಕಾಲದಲ್ಲಿ ಗುರುವು ಶಿಷ್ಯನ ಕಿವಿಯ ಬಳಿಗೆ ಬಾಗಿ ಮೆಲುದನಿಯಲ್ಲಿ ಮಂತ್ರವನ್ನು ಉಪದೇಶಿಸುತ್ತಾನೆ. ಹತ್ತಿರದ ಮಾತಿಗೆ ಗಟ್ಟಿಯಾದ ದನಿ ಬೇಕಿಲ್ಲ ಎಂಬ ಅರಿವು ಆ ಕ್ರಿಯೆಯಲ್ಲಿಯೇ ಅಡಗಿದೆ.

ಇಂದು ಕಿವಿಗೆ ಅಷ್ಟೇ ಹತ್ತಿರವಾಗಿ ಕುಳಿತು ನುಡಿಯುವ ಯಂತ್ರವೊಂದು ಮನೆಮನೆಗೆ ಬಂದಿದೆ. ಅದೇ ಹೆಡ್‌ಫೋನು. ಬಸ್ಸಿನಲ್ಲಿ ಕಾಲೇಜಿಗೆ ಹೋಗುವ ವಿದ್ಯಾರ್ಥಿಯಿಂದ ಮೊದಲ್ಗೊಂಡು ನಿವೃತ್ತರಾಗಿ ಹಳೆಯ ಸಂಗೀತವನ್ನು ಕೇಳುತ್ತ ಕಾಲ ಕಳೆಯುವ ಹಿರಿಯರವರೆಗೆ ಎಲ್ಲರೂ ಇದನ್ನು ಬಳಸುತ್ತಿದ್ದಾರೆ. ಕೆಲವರಿಗಂತೂ ಒಂದು ಹೆಡ್‌ಫೋನನ್ನು ಮತ್ತೊಂದರೊಡನೆ ಹೋಲಿಸಿ, ಗುಣದೋಷಗಳನ್ನು ತೂಗಿ ನೋಡುವುದೇ ಒಂದು ಹವ್ಯಾಸವಾಗಿದೆ. ಈ ಹವ್ಯಾಸವು ನಿರರ್ಥಕವಾದುದಲ್ಲ. ಸರಿಯಾದ ಕ್ರಮದಲ್ಲಿ ಕೈಗೊಂಡರೆ ಅದು ಭೌತಶಾಸ್ತ್ರದ ಪಾಠವೂ ಆಗುತ್ತದೆ, ಸಂಗೀತದ ಶಿಕ್ಷಣವೂ ಆಗುತ್ತದೆ. ಆದರೆ ಹೆಡ್‌ಫೋನನ್ನು ಪರೀಕ್ಷಿಸುವವನು ತನಗೆ ತಿಳಿಯದೆಯೇ ತನ್ನ ಕಿವಿಯನ್ನೂ ಪರೀಕ್ಷಿಸುತ್ತಿರುತ್ತಾನೆ. ಈ ಎರಡನೆಯ ಪರೀಕ್ಷೆಯೇ ಹೆಚ್ಚು ಮಹತ್ವದ್ದೆಂಬುದನ್ನು ಶಿಕ್ಷಕಮಿತ್ರರ, ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ಗಮನಕ್ಕೆ ತರುವುದು ಪ್ರಕೃತ ಲೇಖನದ ಉದ್ದೇಶ.

ಯಂತ್ರದ ಪೂರ್ವವೃತ್ತಾಂತ

ಕಿವಿಗೆ ಹಿಡಿದು ಕೇಳುವ ಸಾಧನವು ಮೊದಲು ಟೆಲಿಫೋನಿನ ಜೊತೆಗೆ ಹುಟ್ಟಿತು. 1910ರಲ್ಲಿ ಅಮೆರಿಕದ ಯೂಟಾ ಪ್ರಾಂತದ ನಥಾನಿಯಲ್ ಬಾಲ್ಡ್ವಿನ್ ಎಂಬಾತನು ಎರಡೂ ಕಿವಿಗಳಿಗೆ ಒಟ್ಟಿಗೆ ತೊಡಬಹುದಾದ, ಸೂಕ್ಷ್ಮ ಸಂಕೇತಗಳನ್ನೂ ಕೇಳಿಸಬಲ್ಲ ಜೋಡಿಯನ್ನು ನಿರ್ಮಿಸಿ ಆ ದೇಶದ ನೌಕಾಪಡೆಗೆ ಒದಗಿಸಿದನು. ಆತನು ಆರಂಭದಲ್ಲಿ ಅವುಗಳನ್ನು ತನ್ನ ಮನೆಯ ಅಡಿಗೆಮನೆಯಲ್ಲಿಯೇ ಜೋಡಿಸುತ್ತಿದ್ದನೆಂಬುದು ಪ್ರಸಿದ್ಧವಾದ ಸಂಗತಿ. ಮುಂದೆ ರೇಡಿಯೋ ಪ್ರಸಾರ ಆರಂಭವಾದಾಗ ಸ್ಫಟಿಕದ ರೇಡಿಯೋಗಳು ಬಳಕೆಗೆ ಬಂದವು. ಅವುಗಳಿಗೆ ವಿದ್ಯುತ್ತೂ ಬೇಕಿರಲಿಲ್ಲ, ಬ್ಯಾಟರಿಯೂ ಬೇಕಿರಲಿಲ್ಲ. ಆಕಾಶದಿಂದ ಬಂದ ಅಲೆಯ ಅತ್ಯಲ್ಪ ಶಕ್ತಿಯೇ ಹೆಡ್‌ಫೋನನ್ನು ನುಡಿಸುತ್ತಿತ್ತು. ಹಲವರು ಒಟ್ಟಿಗೆ ಕೇಳಬೇಕಾದಾಗ ಹೆಡ್‌ಫೋನನ್ನು ಬೋಗುಣಿಯೊಂದರಲ್ಲಿ ಇಟ್ಟು ಅದರ ಸುತ್ತ ಕುಳಿತು ಆಲಿಸುವ ಉಪಾಯವೂ ಅಂದು ರೂಢಿಯಲ್ಲಿತ್ತು.

ಕನ್ನಡನಾಡಿನಲ್ಲಿ ಈ ಕಥೆ ಮೈಸೂರಿಗೆ ಸಂಬಂಧಿಸಿದುದು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಚಿಕ್ಕದೊಂದು ಪ್ರೇಷಕಯಂತ್ರದ ಮೂಲಕ ರೇಡಿಯೋ ಪ್ರಸಾರವನ್ನು ಆರಂಭಿಸಿದರು. ಇಂದು ದೇಶಕ್ಕೆಲ್ಲ ಪರಿಚಿತವಾಗಿರುವ 'ಆಕಾಶವಾಣಿ' ಎಂಬ ಹೆಸರು ಮೊದಲು ಆ ನಿಲಯಕ್ಕೆ ಸಂದಿತು. ಮನಸ್ಸಿನ ಶಾಸ್ತ್ರವನ್ನು ಬಲ್ಲವರೊಬ್ಬರು ಕಿವಿಯ ಮಾಧ್ಯಮಕ್ಕೆ ನಮ್ಮಲ್ಲಿ ಬುನಾದಿ ಹಾಕಿದರೆಂಬುದು ಸ್ಮರಣಾರ್ಹ.

ಸಂಗೀತದ ಆಸ್ವಾದನೆಗೆಂದೇ ಹೆಡ್‌ಫೋನು ರೂಪುಗೊಂಡದ್ದು ತಡವಾಗಿ. 1937ರಲ್ಲಿ ಜರ್ಮನಿಯ ಬೈಯರ್ ಸಂಸ್ಥೆಯು ಸುರುಳಿ ಮತ್ತು ಅಯಸ್ಕಾಂತಗಳಿಂದ ನಡೆಯುವ ಮಾದರಿಯನ್ನು ಹೊರತಂದಿತು. 1958ರಲ್ಲಿ ಅಮೆರಿಕದ ಜಾನ್ ಕಾಸ್ ಎರಡು ಕಿವಿಗಳಿಗೆ ಪ್ರತ್ಯೇಕ ಧ್ವನಿ ನೀಡುವ ಸ್ಟೀರಿಯೋ ಹೆಡ್‌ಫೋನನ್ನು ಸಂಗೀತಪ್ರಿಯರ ಮುಂದಿಟ್ಟನು. 1968ರಲ್ಲಿ ಸೆನ್‌ಹೈಸರ್ ಸಂಸ್ಥೆಯ ಹಿಂಬದಿ ತೆರೆದ ಹಗುರ ಮಾದರಿಯೂ, 1979ರಲ್ಲಿ ಸೋನಿ ಸಂಸ್ಥೆಯ ವಾಕ್‌ಮನ್ ಕ್ಯಾಸೆಟ್ ಯಂತ್ರವೂ ಬಂದವು. ವಾಕ್‌ಮನ್ ಬಂದ ಮೇಲೆ ಸಂಗೀತವು ಕುಳಿತು ಕೇಳುವ ವಸ್ತುವಾಗಿ ಉಳಿಯದೆ ನಡೆಯುತ್ತ ಕೇಳುವ ವಸ್ತುವೂ ಆಯಿತು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಮ್ಮ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿ, ಮುಂದೆ ಗುಬ್ಬಿ ವೀರಣ್ಣನವರ ನೇತೃತ್ವದಲ್ಲಿ ನಾಡಿನಾದ್ಯಂತ ಖ್ಯಾತವಾದ ನಾಟಕ ಕಂಪನಿಯನ್ನು ನೆನೆಯೋಣ. ಅಲ್ಲಿ ನಟನ ಕಂಠವು ಕಟ್ಟಕಡೆಯ ಸಾಲಿನ ಪ್ರೇಕ್ಷಕನನ್ನೂ ತಲುಪಬೇಕಾಗಿತ್ತು. ಆ ಧ್ವನಿ ಸಭೆಗೆಲ್ಲ ಸೇರಿದುದಾಗಿತ್ತು. ಮನೆಯಲ್ಲಿ ರೇಡಿಯೋ ಗಟ್ಟಿಯಾಗಿ ಕೂಗಿದರೆ 'ಸ್ವಲ್ಪ ಕಡಮೆ ಮಾಡಪ್ಪ' ಎಂದು ಹೇಳಲು ಹಿರಿಯರಿದ್ದರು. ಹೆಡ್‌ಫೋನಿನ ಧ್ವನಿಯಾದರೋ ತೊಟ್ಟವನೊಬ್ಬನಿಗೇ ಸೇರಿದುದು. ಅದು ಎಷ್ಟು ಗಟ್ಟಿಯಾಗಿದೆಯೆಂಬುದು ಪಕ್ಕದಲ್ಲಿರುವ ತಾಯಿಗೂ ತಿಳಿಯದು. ಆದಕಾರಣ ಮಿತಿಯ ಹೊಣೆಯೆಲ್ಲವೂ ಕೇಳುವವನ ಮೇಲೆಯೇ ಬೀಳುತ್ತದೆ. ಈ ಮಾತಿಗೆ ಮುಂದೆ ಮತ್ತೆ ಬರೋಣ.

ರಚನೆ ಮತ್ತು ಕಾರ್ಯವಿಧಾನ

ಸಾಮಾನ್ಯ ಹೆಡ್‌ಫೋನಿನ ಒಳಗೆ ಒಂದು ತೆಳುವಾದ ಪೊರೆ, ಅದಕ್ಕೆ ಅಂಟಿಸಿದ ಸೂಕ್ಷ್ಮ ತಂತಿಯ ಸುರುಳಿ, ಸುರುಳಿಯ ಸುತ್ತ ಒಂದು ಅಯಸ್ಕಾಂತ ಇರುತ್ತವೆ. ಸುರುಳಿಯಲ್ಲಿ ವಿದ್ಯುತ್ಪ್ರವಾಹವು ಏರಿಳಿದಂತೆ ಅದು ಅಯಸ್ಕಾಂತದ ಕ್ಷೇತ್ರದಲ್ಲಿ ಹಿಂದುಮುಂದಾಗಿ ಚಲಿಸಿ ಪೊರೆಯನ್ನು ನಡುಗಿಸುತ್ತದೆ. ಪೊರೆಯು ಗಾಳಿಯನ್ನು ನಡುಗಿಸುತ್ತದೆ, ಗಾಳಿಯು ಕಿವಿಯ ತಮಟೆಯನ್ನು ನಡುಗಿಸುತ್ತದೆ. ಆರೋಗ್ಯವಂತ ಬಾಲಕನ ಕಿವಿ ಸೆಕೆಂಡಿಗೆ ಸುಮಾರು 20 ಕಂಪನಗಳಿಂದ 20,000 ಕಂಪನಗಳವರೆಗಿನ, ಅಂದರೆ 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಧ್ವನಿಯನ್ನು ಗ್ರಹಿಸಬಲ್ಲುದು. ವಯಸ್ಸು ಏರಿದಂತೆ ಮೇಲಿನ ಮಿತಿ ಇಳಿಯುತ್ತ ಬರುತ್ತದೆ.

ಬಟ್ಟಲಿನ ಹಿಂಬದಿ ತೆರೆದಿದ್ದರೆ ಧ್ವನಿ ಸಹಜವಾಗಿ, ವಿಶಾಲವಾಗಿ ಕೇಳುತ್ತದೆ. ಆದರೆ ಹೊರಗಿನ ಸದ್ದು ಒಳಗೂ ಒಳಗಿನ ಸದ್ದು ಹೊರಗೂ ಸೋರುತ್ತದೆ. ಹಿಂಬದಿ ಮುಚ್ಚಿದ್ದರೆ ಹೊರಗಿನ ಗದ್ದಲ ತಗ್ಗುತ್ತದೆ. ಅಂತರಸನಹಳ್ಳಿಯಂಥ ಊರಿನಲ್ಲಿ ಇದು ಮುಖ್ಯವಾದ ವಿಚಾರ. ಒಂದೆಡೆ ಹಣ್ಣುತರಕಾರಿಗಳ ಮಾರುಕಟ್ಟೆ, ಮತ್ತೊಂದೆಡೆ ಕೈಗಾರಿಕಾ ಪ್ರದೇಶ, ಹಗಲಿರುಳೂ ಲಾರಿಗಳು ಸಾಗುವ ಹೆದ್ದಾರಿ. ಇಲ್ಲಿ ತೆರೆದ ಹೆಡ್‌ಫೋನು ತೊಟ್ಟವನು ಲಾರಿಯ ಮೊರೆತವನ್ನು ಮೀರಿ ಸಂಗೀತವನ್ನು ಕೇಳಬೇಕೆಂದು ವಾಲ್ಯೂಮ್ ಏರಿಸುತ್ತಾನೆ. ಗದ್ದಲವೇ ಅವನ ಕೈಯಿಂದ ಈ ಕೆಲಸ ಮಾಡಿಸುತ್ತದೆ. ಹೊರಗಿನ ಸದ್ದನ್ನು ಪುಟ್ಟ ಮೈಕಿನಿಂದ ಹಿಡಿದು, ಅದಕ್ಕೆ ವಿರುದ್ಧವಾದ ಅಲೆಯನ್ನು ಸೃಷ್ಟಿಸಿ ಅಳಿಸುವ ಹೆಡ್‌ಫೋನುಗಳೂ ಈಗ ಬಂದಿವೆ. ಇಂಜಿನ್ನಿನ ಏಕಪ್ರಕಾರವಾದ ಮಂದ್ರಧ್ವನಿಯನ್ನು ಅವು ಚೆನ್ನಾಗಿ ತಗ್ಗಿಸುತ್ತವೆ, ಮಾತಿನ ಸದ್ದನ್ನು ಅಷ್ಟಾಗಿ ತಗ್ಗಿಸಲಾರವು.

ಇನ್ನು ಕಿವಿಯ ರಚನೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಿವಿಯ ನಾಳವು ಸುಮಾರು 2.5 ಸೆಂಟಿಮೀಟರ್ ಉದ್ದದ, ಒಂದು ತುದಿ ಮುಚ್ಚಿದ ಕೊಳವೆ. ಇಂಥ ಕೊಳವೆಯು ತನ್ನ ಉದ್ದದ ನಾಲ್ಕರಷ್ಟು ಅಲೆಯುದ್ದವುಳ್ಳ ಧ್ವನಿಗೆ ಅನುರಣಿಸುತ್ತದೆಂದು ಪಠ್ಯಪುಸ್ತಕದಲ್ಲಿ ಕಲಿತಿದ್ದೇವೆ. ಧ್ವನಿಯ ವೇಗ ಸೆಕೆಂಡಿಗೆ 340 ಮೀಟರ್ ಎಂದು ಹಿಡಿದರೆ, 34,000ವನ್ನು 10ರಿಂದ ಭಾಗಿಸಿ 3,400 ಹರ್ಟ್ಸ್ ದೊರೆಯುತ್ತದೆ. ನಮ್ಮ ಕಿವಿ ಆ ನೆರೆಯ ಧ್ವನಿಗಳಿಗೆ ವಿಶೇಷವಾಗಿ ಚುರುಕಾಗಿರುವುದಕ್ಕೆ ಇದು ಮುಖ್ಯ ಕಾರಣ. ಹೆಡ್‌ಫೋನನ್ನು ತೊಟ್ಟಾಗ, ಅದರಲ್ಲಿಯೂ ಕಿವಿಯೊಳಕ್ಕೆ ತೂರಿಸುವ ಮಾದರಿಯಲ್ಲಿ, ಈ ಸಹಜ ಅನುರಣನ ಬದಲಾಗುತ್ತದೆ. ಅದನ್ನು ತುಂಬಿಕೊಡುವುದು ನಿರ್ಮಾಪಕನ ಜಾಣ್ಮೆ. ಒಬ್ಬೊಬ್ಬರ ಕಿವಿಯ ಅಳತೆ ಒಂದೊಂದು ಬಗೆಯಾದ್ದರಿಂದ ಒಂದೇ ಹೆಡ್‌ಫೋನು ಇಬ್ಬರಿಗೆ ಎರಡು ಬಗೆಯಾಗಿ ಕೇಳಿಸುವುದು ಆಶ್ಚರ್ಯವಲ್ಲ. ಕನ್ನಡಕದ ಕಡ್ಡಿಯೋ ದಟ್ಟವಾದ ಕೂದಲೋ ಮೆತ್ತೆಯ ಕೆಳಗೆ ಸಿಕ್ಕಿ ಸಂದುಬಿಟ್ಟರೆ ಮಂದ್ರಸ್ಥಾಯಿಯ ಧ್ವನಿ ಸೋರಿಹೋಗುತ್ತದೆ. ಯಂತ್ರವನ್ನು ದೂಷಿಸುವ ಮುನ್ನ ತೊಟ್ಟ ರೀತಿಯನ್ನು ನೋಡಬೇಕು.

ಪರೀಕ್ಷೆಯ ನಿಯಮಗಳು

ಹೆಡ್‌ಫೋನಿನ ಗುಣನಿರ್ಣಯದಲ್ಲಿ ನಾಲ್ಕು ನಿಯಮಗಳನ್ನು ಪಾಲಿಸಬೇಕು.

ಒಂದನೆಯದು, ಸಮಾನ ಪ್ರಮಾಣ. ಹೋಲಿಸುವ ಎರಡು ಹೆಡ್‌ಫೋನುಗಳ ಸದ್ದು ಒಂದೇ ಮಟ್ಟದಲ್ಲಿರಬೇಕು. ಸ್ವಲ್ಪ ಗಟ್ಟಿಯಾಗಿರುವುದು ಯಾವಾಗಲೂ ಹೆಚ್ಚು ಚೆನ್ನಾಗಿದೆಯೆಂದು ತೋರುತ್ತದೆ. ಇದಕ್ಕೆ ಆಧಾರವುಂಟು. ಸದ್ದು ಕಡಮೆಯಾದಂತೆ ನಮ್ಮ ಕಿವಿಗೆ ಮಂದ್ರಧ್ವನಿ ಇನ್ನೂ ಕಡಮೆಯಾಗಿ ಕೇಳುತ್ತದೆಂಬುದನ್ನು ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ತೋರಿಸಿದ್ದಾರೆ. ಸದ್ದು ಏರಿಸಿದಾಗ ಧ್ವನಿ 'ತುಂಬಿಕೊಂಡಂತೆ' ಅನಿಸುವುದು ಕಿವಿಯ ಸ್ವಭಾವವೇ ಹೊರತು ಯಂತ್ರದ ಗುಣವಲ್ಲ.

ಎರಡನೆಯದು, ಪರಿಚಿತವಾದ ಧ್ವನಿ. ಎಂದೂ ನೇರವಾಗಿ ಕೇಳದ ವಾದ್ಯದಿಂದ ಯಂತ್ರವನ್ನು ಪರೀಕ್ಷಿಸಲಾಗದು. ಬಂಗಾರವನ್ನು ಒರೆಗೆ ಹಚ್ಚುವವನಿಗೆ ಅಪ್ಪಟ ಬಂಗಾರದ ಬಣ್ಣ ಮೊದಲೇ ತಿಳಿದಿರಬೇಕು.

ಮೂರನೆಯದು, ಬೆಲೆಯನ್ನು ಮರೆಯುವುದು. ಪರೀಕ್ಷಿಸುವವನಿಗೆ ಬೆಲೆಯಾಗಲಿ ಹೆಸರಾಗಲಿ ತಿಳಿಯದಿದ್ದರೆ ಒಳ್ಳೆಯದು. 2017ರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನುಗಳ ಅಳತೆಗಳನ್ನು ಪರಿಶೀಲಿಸಿ, ಅವು ವಿವಿಧ ಸ್ಥಾಯಿಗಳ ಧ್ವನಿಯನ್ನು ಹೊರಡಿಸುವ ರೀತಿಗೂ ಅವುಗಳ ಮಾರಾಟದ ಬೆಲೆಗೂ ಸಂಬಂಧ ಕಾಣದೆಂದು ಪ್ರಕಟಿಸಿದರು. ದಾನಿಗಳು ನೆನಪಿನಲ್ಲಿಡಬೇಕಾದ ಸಂಗತಿಯಿದು.

ನಾಲ್ಕನೆಯದು, ಬೇಗ ಬೇಗ ಬದಲಿಸಿ ಕೇಳುವುದು. ನಾದದ ಸೂಕ್ಷ್ಮ ನೆನಪು ಕ್ಷಣಿಕವಾದುದು. ನಿನ್ನೆ ಕೇಳಿದ್ದನ್ನು ಇಂದು ಕೇಳಿದ್ದರೊಡನೆ ಹೋಲಿಸುವುದು ಬಹುಮಟ್ಟಿಗೆ ಊಹೆಯೇ. ಅದೇ ಹತ್ತು ಸೆಕೆಂಡಿನ ತುಣುಕನ್ನು ಒಂದರ ಹಿಂದೆ ಒಂದರಲ್ಲಿ ಕೇಳಬೇಕು. ಅನಂತರ, ಆಯಾಸವಾಗುವುದೋ ಇಲ್ಲವೋ ಎಂದು ತಿಳಿಯಲು ಒಂದನ್ನೇ ಅರ್ಧ ಗಂಟೆ ತೊಟ್ಟು ನೋಡಬೇಕು.

ನಮ್ಮ ನಾದಗಳಿಂದ ಪರೀಕ್ಷೆ

ಪರೀಕ್ಷೆಗೆ ಬೇಕಾದ ಧ್ವನಿಗಳು ನಮ್ಮಲ್ಲಿಯೇ ಹೇರಳವಾಗಿವೆ.

ಮೊದಲು ತಂಬೂರಿ. ಸೇತುವೆಯ ಮೇಲೆ ತಂತಿಯಡಿಗೆ ಸೇರಿಸಿದ ಹತ್ತಿಯ ಎಳೆಯಿಂದ ಅದಕ್ಕೆ ಜೀವಾಳ ಬರುತ್ತದೆ. ಒಂದು ತಂತಿಯ ಮೂಲಸ್ವರ 140 ಹರ್ಟ್ಸ್ ಎಂದುಕೊಂಡರೆ, ಅದರೊಡನೆ 280, 420, 560 ಹೀಗೆ ಮೇಲ್ಮೇಲಿನ ಉಪಸ್ವರಗಳು ಹೊರಡುತ್ತವೆ. ಒಳ್ಳೆಯ ಹೆಡ್‌ಫೋನಿನಲ್ಲಿ ತಂತಿ ಮೀಟಿದ ಮೇಲೆ ಈ ಉಪಸ್ವರಗಳು ಒಂದೊಂದಾಗಿ ಅರಳಿ ಕರಗುವುದನ್ನು ಅನುಸರಿಸಬಹುದು. ಮಧ್ಯಸ್ಥಾಯಿ ಉಬ್ಬಿದ ಹೆಡ್‌ಫೋನಿನಲ್ಲಿ ತಂಬೂರಿ ಬರಿಯ ಗುಂಯ್‌ಗುಡುವಿಕೆಯಾಗುತ್ತದೆ. ಮೇಲಿನ ಸ್ಥಾಯಿ ಅತಿಯಾದರೆ ತಗಡಿನ ತಂತಿಯಂತೆ ಕರ್ಕಶವಾಗುತ್ತದೆ.

ಎರಡನೆಯದು ಮೃದಂಗ. ಎಡಮುಖಕ್ಕೆ ರವೆಯ ಕಣಕ ಹಚ್ಚುವುದರಿಂದ ಅಲ್ಲಿ ತುಂಬಿದ ಮಂದ್ರನಾದ ಬರುತ್ತದೆ. ಬಲಮುಖದ ಕರಣೆಯಿಂದ ನಿಶ್ಚಿತ ಶ್ರುತಿಯ ನಾದ ಬರುತ್ತದೆ. ಎಡದ ಪೆಟ್ಟು ಬಲದ ಪೆಟ್ಟನ್ನು ನುಂಗಿದರೆ ಆ ಹೆಡ್‌ಫೋನಿನಲ್ಲಿ ಮಂದ್ರವು ಮಿತಿಮೀರಿದೆಯೆಂದೇ ಅರ್ಥ. ಇಂದಿನ ಮಾರುಕಟ್ಟೆಯ ಅನೇಕ ಅಗ್ಗದ ಮಾದರಿಗಳ ದೋಷ ಇದೇ ಆಗಿದೆ. ಮೊದಲ ಐದು ನಿಮಿಷ ಅದು ಹಿತವೆನಿಸುತ್ತದೆ, ಒಂದು ಗಂಟೆಯ ಕಛೇರಿಗೆ ತಲೆಭಾರವಾಗುತ್ತದೆ.

ಮೂರನೆಯದು ಜಾಗಟೆ ಮತ್ತು ಗೆಜ್ಜೆ. ಜಾಗಟೆಯ ಮೊದಲ ಹೊಡೆತ ಚುರುಕಾಗಿ ಬಂದು, ಅದರ ನಾದವು ನಿಧಾನವಾಗಿ ಸಣ್ಣಗಾಗಬೇಕು. ನಂದಿಕೋಲಿನ ಗೆಜ್ಜೆಗಳು ಬಿಡಿಬಿಡಿಯಾಗಿ ಕೇಳಬೇಕು. ಅವು ಒಟ್ಟಾಗಿ ಮರಳು ಸುರಿದಂತೆ ಕೇಳಿದರೆ ಮೇಲಿನ ಸ್ಥಾಯಿಯಲ್ಲಿ ಸ್ಪಷ್ಟತೆಯಿಲ್ಲ.

ನಾಲ್ಕನೆಯದು, ಎಲ್ಲಕ್ಕಿಂತ ಮಿಗಿಲಾದುದು, ಮನುಷ್ಯಕಂಠ. ಧಾರವಾಡದ ಬಳಿಯ ಮನಸೂರಿನಲ್ಲಿ ಹುಟ್ಟಿದ ಪಂಡಿತ ಮಲ್ಲಿಕಾರ್ಜುನ ಮನಸೂರರು (1910-1992) ಹಾಡಿದ ವಚನಗಳ ಧ್ವನಿಮುದ್ರಣಗಳನ್ನು ನಮ್ಮಲ್ಲಿ ಬಹುಮಂದಿ ಕೇಳಿಯೇ ಇದ್ದಾರೆ. ಅವರ ಉಸಿರು, ಸ್ವರದಿಂದ ಸ್ವರಕ್ಕೆ ಜಾರುವ ಹದ, ಅಕ್ಷರವನ್ನು ಒತ್ತುವ ರೀತಿ ಇವು ಒಳ್ಳೆಯ ಹೆಡ್‌ಫೋನಿನಲ್ಲಿ ಎದುರಿಗೆ ಕುಳಿತು ಕೇಳಿದಂತೆ ತೋರುತ್ತವೆ. ಒಂದು ಎಚ್ಚರಿಕೆ: ಹಳೆಯ ಮುದ್ರಣಗಳು ಒಂದೇ ಮೈಕಿನ, ಒಂದೇ ದಾರಿಯ ಮುದ್ರಣಗಳು. ಹೆಡ್‌ಫೋನಿನಲ್ಲಿ ಅವು ತಲೆಯ ನಟ್ಟನಡುವೆ ನಿಂತಂತೆ ಕೇಳುತ್ತವೆ. ತಟ್ಟೆಯ ಗೀರುಗಳ ಚಿಟಪಟ ಸದ್ದೂ ಎದ್ದು ಕಾಣುತ್ತದೆ. ಇವು ಮುದ್ರಣದ ಲಕ್ಷಣಗಳು, ಹೆಡ್‌ಫೋನಿನ ದೋಷಗಳಲ್ಲ. ಮುದ್ರಣದಲ್ಲಿ ಇರುವುದನ್ನು ಇರುವಂತೆಯೇ ತೋರಿಸುವುದು ಯಂತ್ರದ ಧರ್ಮ.

ನಾದವನ್ನು ಹೀಗೆ ಬಿಡಿಸಿ ಕೇಳುವ ಶಕ್ತಿ ಅಭ್ಯಾಸದಿಂದ ಬರುವಂಥದು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರ ಗವಾಯಿಗಳೂ (1892-1944) ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914-2010) ಅಂಧರಾಗಿದ್ದು ಕಿವಿಯೊಂದರಿಂದಲೇ ಸಂಗೀತಸಾಗರವನ್ನು ಈಜಿದವರು. ಅವರ ಬಳಿ ಕಲಿತ ನೂರಾರು ಅಂಧ ಬಾಲಕರಿಗೆ ಕಿವಿಯೇ ಅನ್ನದ ದಾರಿಯಾಯಿತು. ಕಿವಿಯ ಬೆಲೆಯೇನೆಂಬುದನ್ನು ಆ ಆಶ್ರಮದ ಚರಿತ್ರೆ ನಮಗೆ ಕಲಿಸುತ್ತದೆ.

ಮಾತಿನ ಪರೀಕ್ಷೆ: ಒಂದು ಅನುಭವ

ಶಾಲೆಗಳಲ್ಲಿ ಹೆಡ್‌ಫೋನು ಬಳಕೆಯಾಗುವುದು ಸಂಗೀತಕ್ಕಿಂತ ಹೆಚ್ಚಾಗಿ ಭಾಷಾಪಾಠಕ್ಕೆ. ಆದ್ದರಿಂದ ಮಾತಿನ ಸ್ಪಷ್ಟತೆಯನ್ನು ಅಳೆಯಲು ಒಂದು ಸರಳ ವಿಧಾನವನ್ನು ರೂಪಿಸಿಕೊಂಡೆವು. ಒಂದೇ ಅಕ್ಷರದಲ್ಲಿ ಭೇದವಿರುವ ಕನ್ನಡದ ಪದಜೋಡಿಗಳನ್ನು ಆರಿಸಿದೆವು: ಬೆಲೆ-ಬೆಳೆ, ಕಲೆ-ಕಳೆ, ಹಲ್ಲಿ-ಹಳ್ಳಿ, ಕೊಲೆ-ಕೊಳೆ, ಮನೆ-ಮಣೆ, ಕಾಳಿ-ಗಾಳಿ, ಪಟ್ಟೆ-ಬಟ್ಟೆ, ಪಾಲು-ಹಾಲು, ದನ-ಧನ, ಸರ-ಶರ, ಸಕಲ-ಶಕಲ. ಇವುಗಳಿಂದ ಇಪ್ಪತ್ತು ಪದಗಳನ್ನು ಕ್ರಮತಪ್ಪಿಸಿ, ವಾಕ್ಯದ ಆಸರೆಯಿಲ್ಲದೆ, ಸಹಜವಾದ ದನಿಯಲ್ಲಿ ಓದಿ ಮುದ್ರಿಸಿಕೊಂಡೆವು. ವಿದ್ಯಾರ್ಥಿಯು ಹೆಡ್‌ಫೋನಿನಲ್ಲಿ ಕೇಳಿ, ಕೇಳಿಸಿದ್ದನ್ನು ಬರೆಯಬೇಕು. ಎಡಗಿವಿಗೆ ಒಮ್ಮೆ, ಬಲಗಿವಿಗೆ ಒಮ್ಮೆ, ವಾಲ್ಯೂಮ್ ಮಾತ್ರ ಎಲ್ಲರಿಗೂ ಒಂದೇ.

ಈ ಪಟ್ಟಿಯಲ್ಲಿ ಒಂದು ಸೂಕ್ಷ್ಮವಿದೆ. ನಮ್ಮ ಸೀಮೆಯ ಮಕ್ಕಳಲ್ಲಿ ಅನೇಕರು ಮಾತಿನಲ್ಲಿ ಶಕಾರ-ಸಕಾರಗಳ ಭೇದವನ್ನೂ ಅಲ್ಪಪ್ರಾಣ-ಮಹಾಪ್ರಾಣಗಳ ಭೇದವನ್ನೂ ಮಾಡುವುದಿಲ್ಲ. ಅಂಥವರ ತಪ್ಪು ಕಿವಿಯದಲ್ಲ, ರೂಢಿಯದು. ಆದ್ದರಿಂದ ಆ ಜೋಡಿಗಳ ಅಂಕಗಳನ್ನು ಬೇರೆಯಾಗಿಯೇ ಎಣಿಸಬೇಕು. 'ಪಟ್ಟೆ'ಯನ್ನು 'ಬಟ್ಟೆ'ಯೆಂದೂ 'ಕಾಳಿ'ಯನ್ನು 'ಗಾಳಿ'ಯೆಂದೂ ಪದೇಪದೇ ಬರೆದರೆ ಯಂತ್ರವನ್ನೋ ಕಿವಿಯನ್ನೋ ಶಂಕಿಸಬೇಕು.

ಕೆಲವು ವರ್ಷಗಳ ಹಿಂದೆ ಏಳನೆಯ ತರಗತಿಯ ಮಕ್ಕಳಿಗೆ ಈ ಪರೀಕ್ಷೆಯನ್ನು ಕೊಟ್ಟಾಗ ಒಬ್ಬ ಬಾಲಕನು ಬಲಗಿವಿಯಲ್ಲಿ ಹತ್ತೊಂಬತ್ತು ಪದಗಳನ್ನು ಸರಿಯಾಗಿ ಬರೆದು, ಎಡಗಿವಿಯಲ್ಲಿ ಒಂಬತ್ತನ್ನು ಮಾತ್ರ ಸರಿಯಾಗಿ ಬರೆದನು. ಹೆಡ್‌ಫೋನಿನ ಎಡಬಟ್ಟಲು ಕೆಟ್ಟಿದೆಯೆಂದು ನಾನು ಭಾವಿಸಿದೆ. ಪರೀಕ್ಷಿಸಲೆಂದು ಅದನ್ನು ತಿರುಗಿಸಿ, ಎಡದ ಬಟ್ಟಲನ್ನು ಬಲಗಿವಿಗೂ ಬಲದ ಬಟ್ಟಲನ್ನು ಎಡಗಿವಿಗೂ ತೊಡಿಸಿದೆ. ಯಂತ್ರದ್ದೇ ದೋಷವಾಗಿದ್ದರೆ ತಪ್ಪುಗಳು ಬಲಗಿವಿಗೆ ವರ್ಗವಾಗಬೇಕಾಗಿತ್ತು. ಆದರೆ ತಪ್ಪುಗಳು ಎಡಗಿವಿಯಲ್ಲಿಯೇ ಉಳಿದವು. ದೋಷ ಯಂತ್ರದ್ದಲ್ಲ, ಮಗುವಿನ ಕಿವಿಯದು.

ಆ ಬಾಲಕನು ತರಗತಿಯಲ್ಲಿ ಬಲಗೋಡೆಗೆ ಹತ್ತಿ, ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದನು. ಅಂದರೆ ಅವನ ಕೇಳದ ಕಿವಿ ಪಾಠ ಹೇಳುವವರ ಕಡೆಗೂ, ಕೇಳುವ ಕಿವಿ ಗೋಡೆಯ ಕಡೆಗೂ ಇರುತ್ತಿದ್ದವು. ಕರೆದರೆ ಓಗೊಡನು, ಉಕ್ತಲೇಖನದಲ್ಲಿ ಪದಗಳನ್ನು ಬಿಡುವನು. ಅವನನ್ನು 'ಗಮನವಿಲ್ಲದವನು' ಎಂದು ಎಲ್ಲರೆದುರು ಹಲವು ಸಲ ಗದರಿಸಿದವನು ನಾನೇ. ಬೇಕೆಂದು ಕೇಳದಿರುವುದಕ್ಕೂ ಕೇಳಲಾಗದಿರುವುದಕ್ಕೂ ಇರುವ ಭೇದ ಆ ದಿನದವರೆಗೆ ನನಗೆ ಹೊಳೆದಿರಲಿಲ್ಲ. ತಂದೆತಾಯಿಗಳಿಗೆ ತಿಳಿಸಿದ ಮೇಲೆ ಅವರು ವೈದ್ಯರಿಗೆ ತೋರಿಸಿದರು. ಬಹುಕಾಲದಿಂದ ಸೋರುತ್ತಿದ್ದ ಕಿವಿಯ ತಮಟೆಯಲ್ಲಿ ರಂಧ್ರವಾಗಿರುವುದು ಕಂಡುಬಂದು ಚಿಕಿತ್ಸೆ ಆರಂಭವಾಯಿತು. ನಾನು ಆ ಮಗುವಿನ ಸ್ಥಾನವನ್ನು ಮುಂದಿನ ಸಾಲಿನ ಎಡಗೋಡೆಯ ಬದಿಗೆ ಬದಲಿಸಿದೆ. ಮಾಡಬೇಕಾಗಿದ್ದ ಕೆಲಸ ಅಷ್ಟು ಸಣ್ಣದಾಗಿತ್ತು. ಅದನ್ನು ಒಂದು ವರ್ಷ ತಡವಾಗಿ ಮಾಡಿದೆನೆಂಬ ಖೇದ ಇಂದಿಗೂ ಇದೆ.

ಶಾಸ್ತ್ರೀಯವಾದ ಶ್ರವಣಪರೀಕ್ಷೆಯೂ ಹೆಡ್‌ಫೋನಿನ ಮೂಲಕವೇ ನಡೆಯುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯು ಈ ಕ್ಷೇತ್ರದಲ್ಲಿ ದೇಶಕ್ಕೇ ಮೇಲ್ಪಂಕ್ತಿಯಾದುದು. ಪರೀಕ್ಷೆಯಲ್ಲಿ 250ರಿಂದ 8,000 ಹರ್ಟ್ಸ್‌ವರೆಗಿನ ಶುದ್ಧಸ್ವರಗಳನ್ನು ಒಂದೊಂದು ಕಿವಿಗೂ ಬೇರೆಬೇರೆಯಾಗಿ ಕೇಳಿಸಿ, ಅತ್ಯಂತ ಸಣ್ಣದಾಗಿ ಎಷ್ಟರವರೆಗೆ ಕೇಳುತ್ತದೆಂದು ಗುರುತಿಸುತ್ತಾರೆ. ನಮ್ಮ ಪದಪಟ್ಟಿ ಅದಕ್ಕೆ ಬದಲಿಯಲ್ಲ. ಯಾವ ಮಗುವನ್ನು ಅಲ್ಲಿಗೆ ಕಳುಹಿಸಬೇಕೆಂದು ತಿಳಿಸುವ ಕೈಮರವಷ್ಟೇ.

ಪ್ರಮಾಣದ ಗಣಿತ

ಈಗ ಮಿತಿಯ ಮಾತು. ಸದ್ದಿನ ಅಳತೆ ಡೆಸಿಬಲ್. ಅದು ಸಾಮಾನ್ಯ ಎಣಿಕೆಯಂತೆ ನಡೆಯುವುದಿಲ್ಲ. ಮೂರು ಡೆಸಿಬಲ್ ಏರಿದರೆ ಧ್ವನಿಯ ಶಕ್ತಿ ಇಮ್ಮಡಿಯಾಗುತ್ತದೆ, ಹತ್ತು ಡೆಸಿಬಲ್ ಏರಿದರೆ ಹತ್ತುಮಡಿಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ ಕೂಡಿ 2019ರಲ್ಲಿ ಪ್ರಕಟಿಸಿದ ಮಾನದಂಡದಂತೆ ವಯಸ್ಕರಿಗೆ ವಾರಕ್ಕೆ 80 ಡೆಸಿಬಲ್‌ನಲ್ಲಿ 40 ಗಂಟೆ, ಮಕ್ಕಳಿಗೆ 75 ಡೆಸಿಬಲ್‌ನಲ್ಲಿ 40 ಗಂಟೆ ಸುರಕ್ಷಿತ ಮಿತಿ. ಪ್ರತಿ ಮೂರು ಡೆಸಿಬಲ್ ಏರಿಕೆಗೂ ಕಾಲಾವಧಿ ಅರ್ಧವಾಗುತ್ತದೆ. ವಯಸ್ಕನೊಬ್ಬನು 83 ಡೆಸಿಬಲ್‌ನಲ್ಲಿ 20 ಗಂಟೆ, 86ರಲ್ಲಿ 10 ಗಂಟೆ, 89ರಲ್ಲಿ 5 ಗಂಟೆ, 92ರಲ್ಲಿ ಎರಡೂವರೆ ಗಂಟೆ, 95ರಲ್ಲಿ ಒಂದೂಕಾಲು ಗಂಟೆ ಕೇಳಿದರೆ ಅವನ ವಾರದ ಪಾಲು ಮುಗಿದಂತೆ. ಮಗುವಿಗೆ 87 ಡೆಸಿಬಲ್‌ನಲ್ಲಿಯೇ ಎರಡೂವರೆ ಗಂಟೆಗೆ ವಾರದ ಪಾಲು ಮುಗಿಯುತ್ತದೆ.

ಇಷ್ಟು ಸದ್ದಿಗೆ ಎಷ್ಟು ವಿದ್ಯುತ್ತು ಬೇಕು? ಹೆಡ್‌ಫೋನಿನ ಪೆಟ್ಟಿಗೆಯ ಮೇಲೆ 'ಒಂದು ಮಿಲಿವಾಟಿಗೆ 100 ಡೆಸಿಬಲ್' ಎಂದು ಮುದ್ರಿಸಿದ್ದರೆ, ವಾಟಿನ ಸಾವಿರದಲ್ಲೊಂದು ಭಾಗವೇ 100 ಡೆಸಿಬಲ್ ಸದ್ದನ್ನು ಹೊರಡಿಸುತ್ತದೆ ಎಂದರ್ಥ. ಹತ್ತು ಮಿಲಿವಾಟ್ ಕೊಟ್ಟರೆ 110 ಡೆಸಿಬಲ್. ಸಣ್ಣ ಮೊಬೈಲ್ ಫೋನಿಗೂ ಕಿವಿಯನ್ನು ಘಾಸಿಗೊಳಿಸುವಷ್ಟು ಶಕ್ತಿಯಿದೆಯೆಂಬುದು ಇದರಿಂದ ವಿದಿತವಾಗುತ್ತದೆ.

ಕಿವಿಯ ಒಳಗಿನ ಶಂಖದಲ್ಲಿ ಇರುವ ಸೂಕ್ಷ್ಮ ರೋಮಕೋಶಗಳು ಧ್ವನಿಯನ್ನು ನರದ ಸಂಕೇತವಾಗಿ ಮಾರ್ಪಡಿಸುತ್ತವೆ. ಹುಟ್ಟುವಾಗ ಬಂದವಷ್ಟೇ ನಮ್ಮ ಪಾಲಿನವು. ಸತ್ತ ಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟದು. ಅತಿಯಾದ ಸದ್ದಿನ ಹಾನಿ ಸಾಮಾನ್ಯವಾಗಿ 4,000 ಹರ್ಟ್ಸ್‌ನ ಆಸುಪಾಸಿನಲ್ಲಿ ಮೊದಲು ತೋರುತ್ತದೆ. ಸಕಾರದ ಧ್ವನಿಶಕ್ತಿ ಬಹುಮಟ್ಟಿಗೆ ಇರುವುದೂ ಆ ಮೇಲಿನ ಭಾಗದಲ್ಲಿಯೇ. ಆದುದರಿಂದ ಇಂಥ ಹಾನಿಗೊಳಗಾದವನು 'ಮಾತು ಕೇಳುತ್ತದೆ, ಆದರೆ ಬಿಡಿಸಿ ತಿಳಿಯುವುದಿಲ್ಲ' ಎನ್ನುತ್ತಾನೆ. ನೋವಿಲ್ಲದೆ, ರಕ್ತವಿಲ್ಲದೆ, ಯಾರಿಗೂ ಗೊತ್ತಾಗದೆ ಈ ನಷ್ಟ ಸಂಭವಿಸುತ್ತದೆ. ಅಸುರಕ್ಷಿತ ರೀತಿಯಲ್ಲಿ ಕೇಳುವುದರಿಂದ ಜಗತ್ತಿನ ನೂರು ಕೋಟಿಗೂ ಹೆಚ್ಚು ಯುವಜನರು ಈ ಅಪಾಯದಲ್ಲಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಹೆಡ್‌ಫೋನು ತೆಗೆದ ಮೇಲೆ ಕಿವಿಯಲ್ಲಿ ಗುಂಯ್ ಎಂಬ ಸದ್ದು ಉಳಿದರೆ, ಎದುರಿನವರ ಮಾತು ಹತ್ತಿ ತುಂಬಿದಂತೆ ಕೇಳಿದರೆ, ಅಂದು ಮಿತಿ ಮೀರಿತೆಂದು ತಿಳಿಯಬೇಕು.

ವಿದ್ಯಾಸಂಸ್ಥೆಗಳಿಗೆ ಕೆಲವು ಸೂಚನೆಗಳು

ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಶಾಲೆಗಳ ಭಾಷಾಪ್ರಯೋಗಾಲಯಗಳಿಗೆ ಹೆಡ್‌ಫೋನುಗಳನ್ನು ಉದಾರವಾಗಿ ಕೊಡುವ ಕಾಲವಿದು. ಅವರ ದ್ರವ್ಯ ಸಾರ್ಥಕವಾಗಬೇಕಾದರೆ ಈ ಅಂಶಗಳನ್ನು ಗಮನಿಸುವುದು ಉಚಿತ.

1. ಕಿವಿಯನ್ನು ಪೂರ್ತಿ ಆವರಿಸುವ, ಹಿಂಬದಿ ಮುಚ್ಚಿದ, ತಂತಿಯುಳ್ಳ ಮಾದರಿ ಶಾಲೆಗೆ ಯೋಗ್ಯ. ಗದ್ದಲ ತಗ್ಗುವುದರಿಂದ ವಾಲ್ಯೂಮ್ ಏರಿಸಬೇಕಾಗುವುದಿಲ್ಲ, ಬ್ಯಾಟರಿ ತೀರುವ ತೊಂದರೆಯೂ ಇಲ್ಲ.

2. ಮೆತ್ತೆ ಮತ್ತು ತಂತಿಗಳನ್ನು ಬದಲಿಸಲು ಬರುವಂತಿರಬೇಕು. ಮೆತ್ತೆ ಹರಿದರೆ ಮಂದ್ರಧ್ವನಿ ಸೋರುತ್ತದೆ. ಮೊದಲು ಕೆಡುವುದು ಸಾಮಾನ್ಯವಾಗಿ ತಂತಿಯೇ.

3. ಗರಿಷ್ಠ ಸದ್ದಿಗೆ ಮಿತಿಯಿರುವ ಮಾದರಿಗಳನ್ನೇ ಮಕ್ಕಳಿಗೆ ಕೊಡಬೇಕು. ಆದರೂ ಮೇಲಿನ ಮಿತಿಯಲ್ಲಿ ಗಂಟೆಗಟ್ಟಲೆ ಕೇಳಿದರೆ ಹಾನಿಯುಂಟೆಂಬುದನ್ನು ಮರೆಯಬಾರದು.

4. ಪ್ರತಿ ಬಳಕೆಯ ನಂತರ ಮೆತ್ತೆಗಳನ್ನು ಒರೆಸಬೇಕು. ಕಿವಿ ಸೋರುವ ಮಗುವಿಗೆ ಪ್ರತ್ಯೇಕ ಜೋಡಿಯಿರಬೇಕು. ಈ ಪ್ರತ್ಯೇಕತೆ ಅವಮಾನವೆನಿಸದಂತೆ ನೋಡಿಕೊಳ್ಳುವುದು ಶಿಕ್ಷಕನ ಹೊಣೆ.

5. ಇಪ್ಪತ್ತು ದುಬಾರಿ ಹೆಡ್‌ಫೋನುಗಳಿಗಿಂತ ಇಪ್ಪತ್ತು ಸಾಧಾರಣ ಹೆಡ್‌ಫೋನುಗಳೂ ವರ್ಷಕ್ಕೊಮ್ಮೆ ಎಲ್ಲ ಮಕ್ಕಳ ಶ್ರವಣಪರೀಕ್ಷೆಯೂ ಮೇಲಾದ ದಾನ. ಬೆಲೆಗೂ ಗುಣಕ್ಕೂ ಇರುವ ಸಂಬಂಧ ಎಷ್ಟು ಸಡಿಲವೆಂಬುದನ್ನು ಹಿಂದೆಯೇ ನೋಡಿದ್ದೇವೆ. ಉಳಿದ ಹಣ ತಜ್ಞರನ್ನು ಶಾಲೆಗೆ ಕರೆಸಲು ವಿನಿಯೋಗವಾಗಲಿ.

ಉಪಸಂಹಾರ

ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹದಿಂದ ನಮ್ಮ ಜಿಲ್ಲೆಯ ಹೆಸರನ್ನು ನಾಡಿಗೆಲ್ಲ ಪರಿಚಯಿಸಿದ ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರ ಪಂಕ್ತಿಯಲ್ಲಿ ಕುಳಿತು ಉಂಡವರು ನಮ್ಮ ನಡುವೆ ಅನೇಕರಿದ್ದಾರೆ. ಪ್ರಸಾದವನ್ನು ಬೇಕಾದಷ್ಟೇ ಬಡಿಸಿಕೊಂಡು, ಎಲೆಯಲ್ಲಿ ಒಂದಗುಳನ್ನೂ ಚೆಲ್ಲದೆ ಉಣ್ಣಬೇಕೆಂಬ ಶಿಕ್ಷಣ ಮಠದ ಪಂಕ್ತಿಯಲ್ಲಿ ಚಿಕ್ಕ ಮಕ್ಕಳಿಗೂ ದೊರೆಯುತ್ತದೆ. ಕಿವಿಯ ಪ್ರಸಾದಕ್ಕೂ ಅದೇ ನಿಯಮ ಸಲ್ಲುತ್ತದೆ. ತಂಬೂರಿಯ ಉಪಸ್ವರವನ್ನೂ ಮನಸೂರರ ಉಸಿರನ್ನೂ ಬಿಡಿಸಿ ಕೇಳಬಲ್ಲವನಿಗೆ ಮಿತವಾದ ಸದ್ದೇ ಸಾಕಾಗುತ್ತದೆ. ಬಿಡಿಸಿ ಕೇಳಲಾರದವನು ಸದ್ದನ್ನು ಏರಿಸುತ್ತ ಹೋಗುತ್ತಾನೆ. ಹೆಡ್‌ಫೋನಿನ ಹವ್ಯಾಸವು ಮೊದಲನೆಯ ದಾರಿಯಲ್ಲಿ ನಮ್ಮ ಮಕ್ಕಳನ್ನು ನಡೆಸಲಿ.

ಶಿಕ್ಷಕಮಿತ್ರರಲ್ಲಿ ಒಂದು ವಿಜ್ಞಾಪನೆಯೊಡನೆ ಈ ಲೇಖನವನ್ನು ಮುಗಿಸುತ್ತೇನೆ. ಕರೆದಾಗ ಓಗೊಡದ ಮಗುವೊಂದು ತಮ್ಮ ತರಗತಿಯಲ್ಲಿದ್ದರೆ ಗದರಿಸುವ ಮುನ್ನ ಒಮ್ಮೆ ಅದರ ಎರಡೂ ಕಿವಿಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಿ ನೋಡಿರಿ. ಅದಕ್ಕೆ ಇಪ್ಪತ್ತು ಪದಗಳೂ ಹತ್ತು ನಿಮಿಷಗಳೂ ಸಾಕು.